ಊದುಗೊಳವೆಗೆ ಮೂರು ಹಲ್ಲು

ಮೈಸೂರಿನ ಬಸ್ಸು ಶ್ರೀರಂಗಪಟ್ಟಣ ದಾಟಿ ಪಾಂಡವಪುರದ ಕಡೆಗೆ ಹೊರಳಿದರೂ ನಾಗರಾಜಾಚಾರಿಯ ನಾಲಗೆ ಒಂದು ಕಡೆ ನಿಲ್ಲಲಿಲ್ಲ. ವರ್ಷದಿಂದ ಬಯಲಾಗಿದ್ದ ಮೇಲುದವಡೆಯ ಮುಂಭಾಗದಲ್ಲಿ ಇವತ್ತು ಬೆಳಿಗ್ಗೆ ಹತ್ತೂವರೆಯಿಂದ ಮೂರು ಹಲ್ಲು ನಿಂತಿದ್ದವು. ನಾಲಗೆ ಹೋಗಿ ಅವನ್ನು ಮುಟ್ಟುತ್ತಿತ್ತು, ಬೆಚ್ಚಿ ಹಿಂದೆ ಸರಿಯುತ್ತಿತ್ತು, ನಂಬಿಕೆ ಸಾಲದೆ ಮತ್ತೆ ಹೋಗುತ್ತಿತ್ತು. ಕಂಡಕ್ಟರು ಗುರುತಿನವನೇ. 'ಏನ್ ಆಚಾರ್ರೇ, ಮೈಸೂರ್ ಕಡೀಂದ?' ಎಂದ. ನಗಬೇಕೆಂದು ಎಷ್ಟು ಆಸೆಯಾದರೂ ಒಂದು ವರ್ಷ ಕೆಳಕ್ಕೆಳೆದುಕೊಂಡೇ ಇದ್ದು ಅಭ್ಯಾಸವಾಗಿದ್ದ ಮೇಲ್ದುಟಿ ಏಳಲೇ ಇಲ್ಲ. 'ಹೂಂ' ಎಂದು ಮೂಗಿನಲ್ಲೇ ಹೇಳಿದ. ಹಾಗೆ ಹೇಳಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು. ರೈಲ್ವೆ ಗೇಟಿನಲ್ಲಿ ಬಸ್ಸು ನಿಂತಾಗ ಕಿಟಕಿಯ ಗಾಜನ್ನೇ ಕನ್ನಡಿ ಮಾಡಿಕೊಂಡು, ತುಟಿಯನ್ನು ಬೆರಳಿನಿಂದ ಎತ್ತಿ, ಬಿಟ್ಟು, ಮತ್ತೆ ಎತ್ತದೆಯೇ ಏಳಿಸಿ, ಅಂತೂ ಒಂದು ನಗೆಯನ್ನು ಹೊಂದಿಸಿದ. ಅದು ಹೊಂದಿಕೊಳ್ಳುವ ಹೊತ್ತಿಗೆ ಹಿಂದಿನಿಂದ ಬಂದು ಪಕ್ಕದಲ್ಲೇ ನಿಂತ ಇನ್ನೊಂದು ಬಸ್ಸಿನ ಕಿಟಕಿಯಲ್ಲಿದ್ದ ಹೆಂಗಸು ಆ ನಗೆಯನ್ನು ನೋಡಿ, ಸೆರಗನ್ನು ತಲೆಯ ಮೇಲೆಳೆದುಕೊಂಡು ಮುಖ ತಿರುಗಿಸಿದಳು. ಐವತ್ತೊಂದು ವರ್ಷದ ತಾನು ಪರಸ್ತ್ರೀಗೆ ಹಲ್ಲು ಕಿರಿದಂತಾಯಿತಲ್ಲ ಎಂದು ನಾಗರಾಜಾಚಾರಿ ನಾಚಿ ಬೆವೆತ. ಆದರೂ ಒಳಗೊಳಗೆ ಖುಷಿಯಾಗದೆ ಇರಲಿಲ್ಲ. ಕಿರಿಯಲು ಹಲ್ಲಾದರೂ ಇತ್ತು.

ಇಷ್ಟೆಲ್ಲ ಖುಷಿಯ ನಡುವೆಯೂ ಬೆಳಗಿನ ಒಂದು ವಿಷಯ ಅವನನ್ನು ಬಿಟ್ಟಿರಲಿಲ್ಲ. ಹೊರಡುವಾಗ ಹೆಂಡತಿ ಪಾರ್ವತಮ್ಮ, 'ಎಲ್ಲೂ ನಿಂತ್ಕಬ್ಯಾಡಿ, ಸೀದಾ ಬನ್ನಿ, ನಾನೇ ಮೊದ್ಲು ನೋಡ್ಬೇಕು' ಎಂದಿದ್ದಳು. ಹಾಗೆ ಹೇಳುತ್ತಲೇ ಅಕ್ಕಸಾಲಿ ಅಂಗಡಿಯ ಅಗ್ಗಿಷ್ಟಿಕೆಯ ಬೂದಿ ತೆಗೆದು, ಊದುಗೊಳವೆಯನ್ನು ಸೆರಗಿನಿಂದ ಒರೆಸಿ, ಎಂದಿನಂತೆ ತನ್ನ ಕೈಗೆ ಸಿಗುವ ಕಡೆ ಇಟ್ಟುಕೊಳ್ಳದೆ ಅವನ ಮಣೆಯ ಪಕ್ಕಕ್ಕೆ ಇಟ್ಟಿದ್ದಳು. ಅದನ್ನು ನೋಡಿಯೂ ನೋಡದವನಂತೆ ಚಪ್ಪಲಿ ಮೆಟ್ಟಿ ಬಂದಿದ್ದ. ವರ್ಗಾವಣೆಯ ಹುಕುಮನ್ನು ಜೇಬಿನಲ್ಲಿಟ್ಟುಕೊಂಡು ಬರುವ ಜವಾನನ ಹಾಗೆ ಈಗ ಮೂರು ಹಲ್ಲು ಹೊತ್ತು ಮನೆಗೆ ಹೋಗುತ್ತಿದ್ದೇನೆ, ಎನ್ನಿಸಿತು.

ಹಲ್ಲು ಹೋದದ್ದು ತೊಂಬತ್ತೇಳರ ಸಂಕ್ರಾಂತಿಗೆ ಮುಂಚೆ, ತೊಣ್ಣೂರಿನ ದಾರಿಯಲ್ಲಿ. ಮೂಗುಬೊಟ್ಟೊಂದನ್ನು ಕೊಟ್ಟು ಲೂನಾದಲ್ಲಿ ವಾಪಸು ಬರುತ್ತಿದ್ದ. ಬಸ್ಸು ಲಾರಿ ಹಾದು ಕಾಳು ಬಿಡಲಿ ಎಂದು ರಸ್ತೆಯ ತುಂಬ ಹುರುಳಿ ಸೊಪ್ಪು ಹರವಿದ್ದರು. ಲೂನಾದ ಚಕ್ರಕ್ಕೆ ಅದು ಸುತ್ತಿಕೊಂಡದ್ದೊಂದೇ ಗೊತ್ತು. ಎದ್ದು ಕೂತಾಗ ಬಾಯಿ ತುಂಬ ಬಿಸಿ ರಕ್ತ, ಕಣದ ಜನವೆಲ್ಲ ಸುತ್ತ. ಒಬ್ಬಾತ ನೀರು ತರಲು ಓಡಿದರೆ ಇನ್ನೊಬ್ಬಾತ, 'ಲೇ, ಮೊದ್ಲು ಹಲ್ಲು ಆಯ್ಕಳ್ರಲಾ, ಕಾಳಿಗೆ ಸೇರ್ಕಂಡಾವು' ಎಂದು ಕೂಗುತ್ತಿದ್ದ. ಎರಡು ಸಿಕ್ಕವು, ಒಂದು ಸಿಗಲಿಲ್ಲ. ಆ ವರ್ಷ ತೊಣ್ಣೂರಿನಲ್ಲಿ ಯಾರು ಹುರುಳಿಸಾರು ಮಾಡಿದರೂ ತನ್ನ ಹಲ್ಲೊಂದು ಅವರ ಪಾತ್ರೆಯೊಳಗೆ ಕುದಿಯುತ್ತಿರಬಹುದೆಂಬ ಕಲ್ಪನೆಯಿಂದ ಅವನಿಗೆ ಎಷ್ಟೋ ದಿನ ಅಸಹ್ಯವೂ ನಗೆಯೂ ಒಟ್ಟಿಗೇ ಬರುತ್ತಿತ್ತು. ಊಟಕ್ಕೇನೂ ಅಡ್ಡಿಯಿರಲಿಲ್ಲ, ಮುದ್ದೆ ನುಂಗುವುದಕ್ಕೆ ಹಲ್ಲು ಯಾಕೆ? ಅಡ್ಡಿಯಾದದ್ದು ಕಸುಬಿಗೆ. ಅಕ್ಕಸಾಲಿ ಬೆಸುಗೆ ಹಾಕುವಾಗ ಊದುಗೊಳವೆಯನ್ನು ಮುಂದಿನ ಹಲ್ಲುಗಳಲ್ಲಿ ಕಚ್ಚಿ ಹಿಡಿಯಬೇಕು. ಒಂದು ಕೈಯಲ್ಲಿ ಚಿಮಟ, ಇನ್ನೊಂದರಲ್ಲಿ ಒಡವೆ. ಕೆನ್ನೆಯಲ್ಲಿ ಗಾಳಿ ತುಂಬಿಕೊಂಡು, ಮೂಗಿನಲ್ಲಿ ಉಸಿರೆಳೆಯುತ್ತಲೇ ಬಾಯಿಂದ ಬಿಡುತ್ತ, ದೀಪದ ಉರಿಯನ್ನು ದಬ್ಬಳದ ಮೊನೆಯಷ್ಟು ಚೂಪು ಮಾಡಿ ಬೆಸುಗೆಯ ಚೂರಿನ ಮೇಲೆ ನಿಲ್ಲಿಸಬೇಕು. ಗ್ಯಾಸಿನ ಉರಿಯಲ್ಲಿ ಕೆಲಸ ಮಾಡುವವರು ಬಂದಿದ್ದರೂ ಸಣ್ಣ ಕೆಲಸಕ್ಕೆ ಅದು ಒರಟು ಎಂದು ನಾಗರಾಜಾಚಾರಿ ಅದನ್ನು ಅಂಗಡಿಯೊಳಕ್ಕೆ ಬಿಟ್ಟುಕೊಂಡಿರಲಿಲ್ಲ. ಅವನ ಹೆಸರು ನಿಂತದ್ದೇ ಆ ಉಸಿರಿನ ಮೇಲೆ.

ಮೊದಲು ಹಾಕಿ ತೆಗೆಯುವ ಹಲ್ಲಿನ ಸೆಟ್ಟು ಕಟ್ಟಿಸಿದ. ಚೈತ್ರದ ಒಂದು ಮಧ್ಯಾಹ್ನ ಸಿಂಧಘಟ್ಟದ ದೊಡ್ಡತಾಯಮ್ಮ ಅಂಗಡಿಗೆ ಬಂದು ಮಣೆಯ ಮುಂದೆ ಕೂತಿದ್ದಳು. ಅರವತ್ತೈದು ದಾಟಿದ, ಗದ್ದೆ ಹಸು ಎರಡನ್ನೂ ತಾನೇ ನಿಂತು ನೋಡಿಕೊಳ್ಳುವ ಗೌಡರ ಮನೆ ಯಜಮಾನಿ. ಅವಳ ಗುಂಡಿನ ಸರ ಮಾರನೆಯ ದಿನಕ್ಕೆ ಆಗಬೇಕಿತ್ತು. ಅವಳೆದುರಿಗೇ ಊದಲು ಕೂತ. ಎರಡು ಸಲ ಊದಿದ, ಮೂರನೆಯ ಸಲ ಕೆನ್ನೆ ಬಿಗಿಹಿಡಿದಾಗ ಸೆಟ್ಟು ಸಡಿಲಗೊಂಡು, ಊದುಗೊಳವೆಯ ಜೊತೆಗೇ ಬಾಯಿಂದ ಹೊರಬಿದ್ದು, ಅಗ್ಗಿಷ್ಟಿಕೆಯ ಕೆಂಡದ ನಡುವೆ ಮಲಗಿತು. ಚಿಮಟ ಹುಡುಕುವಷ್ಟರಲ್ಲಿ ಗುಲಾಬಿ ಬಣ್ಣದ ವಸಡು ಗುಳ್ಳೆಯೆದ್ದು ಕರಗಿತು, ವಾಸನೆ ಬೀದಿಯವರೆಗೂ ಹೋಯಿತು. ಮೂಗು ಮುಚ್ಚಿಕೊಂಡ ದೊಡ್ಡತಾಯಮ್ಮ ಬಹಳ ಗಂಭೀರವಾಗಿ, 'ಆಚಾರೀ, ಚಿನ್ನ ಕರಗ್ಸಕ್ಕೆ ಕೊಟ್ಟಿದ್ದು ನಾನು. ಹಲ್ಲು ಕರಗ್ಸು ಅಂತ ಯಾರ್ಲಾ ಕೊಟ್ಟೋರು?' ಎಂದಳು. ಆಮೇಲೆ ತಡೆಯಲಾರದೆ ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಅವನೂ ನಕ್ಕ, ಅಂಗೈ ಅಡ್ಡ ಹಿಡಿದುಕೊಂಡು. ಅವಳು ಹೋದ ಮೇಲೆ ಬರೀ ತುಟಿಯಲ್ಲಿ ಊದಲು ನೋಡಿದ. ಗಾಳಿ ಸೋರಿತು. ಎಂಜಲು ಕೆಂಡದ ಮೇಲೆ ಬಿದ್ದು ಚುಂಯ್ ಎಂದಿತು. ಆ ಚುಂಯ್ ಸದ್ದಿಗೆ ಅಳು ಬಂದಂತಾಗಿ ಮುಖ ತಿರುಗಿಸಿದರೆ ಬಾಗಿಲಲ್ಲಿ ಪಾರ್ವತಮ್ಮ ನಿಂತಿದ್ದಳು.

'ಎಲ್ಲಿಗೆ ಊದ್ಬೇಕು ತೋರ್ಸಿ ಸಾಕು' ಎಂದಳು.

'ಒಲೆ ಊದಿದಂಗಲ್ಲ ಕಣೇ ಇದು.'

'ಅಲ್ಲ ಅಂತ ಗೊತ್ತು. ತೋರ್ಸಿ.'

ಅಗ್ಗಿಷ್ಟಿಕೆಯನ್ನೂ ದೀಪವನ್ನೂ ಹಳೇ ಸೀರೆಯ ಪರದೆಯ ಹಿಂದಕ್ಕೆ ಎಳೆದರು. ಕೇಳಿದವರಿಗೆ, ಬೀದಿಯ ಗಾಳಿ ಉರಿಯನ್ನು ಅಲುಗಿಸುತ್ತೆ ಎಂದು ಹೇಳಿದ್ದಾಯಿತು. ಮೊದಮೊದಲು ಅವನು ಒಡವೆ ಹಿಡಿಯುತ್ತಿದ್ದ, ಅವಳು ಊದುತ್ತಿದ್ದಳು. ಜಾಸ್ತಿಗೆ ಒಂದು ಸಲ, ಕಮ್ಮಿಗೆ ಎರಡು ಸಲ ಎಂದು ಮೊಣಕಾಲಿನಿಂದ ಅವಳ ಮೊಣಕಾಲು ತಟ್ಟುತ್ತಿದ್ದ. ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಹಗಲು ಹೊತ್ತಿನಲ್ಲಿ ಇಬ್ಬರ ತಲೆ ಅಷ್ಟು ಹತ್ತಿರ ಬಂದದ್ದೇ ಇಲ್ಲ. ಅವಳ ಕೆನ್ನೆ ಉಬ್ಬಿ ಕೆಂಪಾಗಿ, ಹಣೆಯ ಕುಂಕುಮ ಬೆವರಿನಲ್ಲಿ ಇಳಿಯುವುದನ್ನು ನೋಡುತ್ತ ಎಷ್ಟೋ ಸಲ ತಟ್ಟುವುದನ್ನೇ ಮರೆಯುತ್ತಿದ್ದ. ಮರೆತರೂ ಕೆಲಸ ಕೆಡುತ್ತಿರಲಿಲ್ಲ. ತಟ್ಟುವ ಮುಂಚೆಯೇ ಅವಳ ಉಸಿರು ಇಳಿದಿರುತ್ತಿತ್ತು. ಆಷಾಢ ಬರುವ ಹೊತ್ತಿಗೆ ಅವನು ಚಿನ್ನದ ತಗಡಿನ ಪುಟ್ಟ ಎಲೆ, ರವೆಯಂಥ ಗುಂಡು, ಕೊಂಡಿ ಎಲ್ಲ ಹೊಂದಿಸಿ ಇಟ್ಟು ಎದ್ದು ಹೋಗಬಹುದಾಗಿತ್ತು.

ಆ ಆಷಾಢದಲ್ಲೇ ಮೈಸೂರಿನ ಡಾಕ್ಟರು ಶ್ವೇತ ಅವನ ವಸಡಿಗೆ ಚೂರಿ ಇಟ್ಟದ್ದು. ಮೂವತ್ತು ವರ್ಷದ ಸಣ್ಣ ಹೆಂಗಸು. ಹಲ್ಲು ನೆಡುವ ಈ ಹೊಸ ಕೆಲಸ ಕಲಿತು ಬಂದಿದ್ದಾರೆಂದು ಯಾರೋ ಹೇಳಿ ಕಳಿಸಿದ್ದರು. ಮೊದಲ ದಿನವೇ ಅವರು ಒಂದು ಪುಟ್ಟ ಲೋಹದ ಮೊಳೆಯನ್ನು ಅಂಗೈ ಮೇಲೆ ಇಟ್ಟು ತೋರಿಸಿದರು. ನಾಗರಾಜಾಚಾರಿ ಜೇಬಿನಿಂದ ತನ್ನ ಭೂತಗನ್ನಡಿ ತೆಗೆದು ಕಣ್ಣಿಗೆ ಸಿಕ್ಕಿಸಿಕೊಂಡು ಅದನ್ನು ಬೆಳಕಿಗೆ ಹಿಡಿದ. ಸುತ್ತು ಎಷ್ಟು ನಯವಾಗಿ ಕೊರೆದಿದೆ! 'ಇದು ನಮ್ಮ ಓಲೆ ತಿರುಪೇ ಕಣಮ್ಮಾ. ಬೆಸುಗೆ ಯಾತರಲ್ಲಿ ಹಾಕ್ತೀರಿ?' ಎಂದ, ಪ್ರತಿ ಮಾತಿಗೂ ಗಾಳಿ ಸೋರಿಸುತ್ತ.

'ಬೆಸುಗೆ ಇಲ್ಲ. ಇದು ಟೈಟಾನಿಯಂ. ಮೂಳೆನೇ ಇದನ್ನ ಹಿಡ್ಕೊಳುತ್ತೆ. ಐದಾರು ತಿಂಗಳು ನಾವು ಅದರ ತಂಟೆಗೆ ಹೋಗದೆ ಇದ್ರೆ ಸಾಕು. ಆಮೇಲೆ ಎರಡು ತಿರುಪಿನ ಮೇಲೆ ಮೂರು ಹಲ್ಲು.'

'ಬೆಸುಗೆ ಹರಿಯಕ್ಕೆ ಹಾಕ್ತೀವಲ್ಲ, ಆ ಬಿಳಿಗಾರಾನೂ ಬ್ಯಾಡ್ವಾ?'

'ಬೇಡ. ನೀವು ಎಲೆ ಅಡಿಕೆ ಬಿಡಬೇಕು. ಹಲ್ಲು ಕೂತು ನಾನು ಹೇಳೋ ತನಕ ಊದೋ ಹಾಗಿಲ್ಲ. ಅಷ್ಟೇ.'

ಮರಗಟ್ಟಿದ ಬಾಯಿ ತೆರೆದು ಮಲಗಿದ್ದಾಗ ಅವನು ನೋಡಿದ್ದು ಅವರ ಕೈಯನ್ನು. ಮೂಳೆ ಕೊರೆಯುವ ಯಂತ್ರ ನಿಧಾನವಾಗಿ ತಿರುಗುತ್ತಿತ್ತು, ನೀರು ಹನಿಯುತ್ತಿತ್ತು. ಬಿಸಿಯಾದರೆ ಮೂಳೆ ಕೆಡುತ್ತೆ ಎಂದು ಅವರು ಪಕ್ಕದ ನರ್ಸಿಗೆ ಹೇಳಿದ್ದು ಕೇಳಿಸಿತು. ಎಲ್ಲಿ ಒತ್ತಬೇಕು ಎಲ್ಲಿ ತಡೆಯಬೇಕು ಎಂಬುದು ಬೆರಳಿಗೇ ಗೊತ್ತಿದ್ದ ಹಾಗಿತ್ತು. ಇಂಥ ಕೈ ಲಕ್ಷಕ್ಕೊಂದು ಎಂದುಕೊಂಡ. ಮರುಕ್ಷಣವೇ ಇಲ್ಲ, ಇಂಥದೇ ಇನ್ನೊಂದು ತನ್ನ ಮನೆಯ ಪರದೆಯ ಹಿಂದೆ ಇದೆ ಎಂದು ಹೊಳೆದು, ಕುರ್ಚಿಯಲ್ಲಿ ಅಲುಗಿಬಿಟ್ಟ. 'ನೋವಾಯ್ತಾ?' ಎಂದು ಡಾಕ್ಟರು ಕೇಳಿದರು. ಅವನು ಕೈಯಾಡಿಸಿ ಇಲ್ಲವೆಂದ.

ನೋವಾದದ್ದು ಕಾರ್ತೀಕದಲ್ಲಿ. ನಾಗಮಂಗಲದಲ್ಲಿ ಪಾರ್ವತಮ್ಮನ ತಮ್ಮ ಲೋಕೇಶ ಹೊಸ ಮನೆಗೆ ಹಾಲುಕ್ಕಿಸಿದ್ದ. ಪಂಕ್ತಿಯಲ್ಲಿ ಕೂತವರೆಲ್ಲ ಕುಲಕಸುಬಿನವರೇ. ಗಂಡಹೆಂಡತಿ ಉಡುಗೊರೆಯಾಗಿ ಕೊಟ್ಟ ಜುಮುಕಿಯನ್ನು ಕೈಯಿಂದ ಕೈಗೆ ದಾಟಿಸಿ, ತಿರುಗಿಸಿ, ಉಗುರಿನಿಂದ ತಡವಿ ನೋಡಿದರು. 'ಬೆಸುಗೆ ಎಲ್ಲಯ್ತೆ ಅಂತ್ಲೇ ಗೊತ್ತಾಗಕ್ಕಿಲ್ಲ ಭಾವಾ!' ಎಂದ ಲೋಕೇಶ. ಒಬ್ಬಟ್ಟಿನ ತಟ್ಟೆ ಹಿಡಿದು ಬಡಿಸುತ್ತಿದ್ದ ಪಾರ್ವತಮ್ಮ ಒಂದು ಗಳಿಗೆ ನಿಂತಳು. ಗಂಡನ ಮುಖವನ್ನೇನೂ ನೋಡಲಿಲ್ಲ, ಎಲೆ ನೋಡುತ್ತ ನಿಂತಳು. ಆ ಒಂದು ಗಳಿಗೆ ನಾಗರಾಜಾಚಾರಿಗೆ ಈಗಲೂ ಕಣ್ಣಿಗೆ ಕಟ್ಟುತ್ತದೆ. 'ಎಲ್ಲಾ ಕೈ ಅಭ್ಯಾಸ ಕಣಪ್ಪಾ' ಎಂದಿದ್ದ. ಅವಳು ಮುಂದಿನ ಎಲೆಗೆ ಹೋದಳು. ವಾಪಸು ಬರುವ ಬಸ್ಸಿನಲ್ಲಿ, 'ಕೈ ಅಭ್ಯಾಸ ಅಂದ್ರಲ್ಲ, ಅದು ನನ್ನ ಕೆನ್ನೇಲಯ್ತೆ ನೋಡ್ಕಳಿ' ಎಂದು ಕೆನ್ನೆ ಉಬ್ಬಿಸಿ ತೋರಿಸಿದಳು. ಇಬ್ಬರೂ ನಕ್ಕರು. ಆದರೆ ಅವಳು ತಮಾಷೆ ಮಾಡಿ ತನ್ನನ್ನು ಬೈಯದೆ ಬಿಟ್ಟಳು ಎಂಬುದು ಅವನಿಗೆ ಗೊತ್ತಿತ್ತು. ಬೈದಿದ್ದರೆ ವಾಸಿಯಿತ್ತು.

ಬಸ್ಸು ನಿಂತಿತು. ಸೀದಾ ಮನೆಗೆ ಬಂದ. ಪಾರ್ವತಮ್ಮ ಅಂಗಡಿಯ ಬಾಗಿಲಲ್ಲೇ ಇದ್ದಳು, ಕೈ ಹಿಡಿದು ಪರದೆಯ ಹಿಂದಕ್ಕೆ ಎಳೆದುಕೊಂಡು ಹೋಗಿ, 'ಎಲ್ಲಿ, ನಗಿ' ಎಂದಳು. ತುಟಿ ಏಳಲಿಲ್ಲ. ಅವಳು ಪಕ್ಕೆಗೆ ತಿವಿದಳು. ಅವನು ಹೋ ಎಂದ. ಅಷ್ಟರಲ್ಲಿ ಅವಳು ಮೂರನ್ನೂ ನೋಡಿಬಿಟ್ಟಿದ್ದಳು. 'ಅಯ್ಯೋ, ಎಷ್ಟ್ ಚೆನ್ನಾಗವೆ! ಮದ್ವೇಲೂ ಇಂಗಿರ್ಲಿಲ್ಲ ಬುಡಿ' ಎಂದು ಬೆರಳಿನಿಂದ ಮುಟ್ಟಿ, ಅಲುಗಿಸಿ, ಅಲುಗದ್ದಕ್ಕೆ ಮತ್ತಷ್ಟು ಹಿಗ್ಗಿದಳು. ಹಿಗ್ಗು ಹಾಗೇ ಇರುವಾಗಲೇ ಊದುಗೊಳವೆಯನ್ನು ತೆಗೆದು ಅವನ ಕೈಗೆ ಕೊಟ್ಟಳು. 'ಇನ್ನೇನು, ನಿಮ್ದು ನಿಮಗೆ ಬಂತು. ನಂಗೂ ಒಳಗೆ ರಾಶಿ ಕೆಲ್ಸ ಬಿದ್ದವೆ' ಎಂದು ಅಡುಗೆಮನೆಗೆ ಹೋದಳು.

ಮಣೆಯ ಮೇಲೆ ದೊಡ್ಡತಾಯಮ್ಮನ ಮೊಮ್ಮಗಳು ರಂಜಿತಳ ಮದುವೆಯ ಲೋಲಾಕು. ಎಡಕಿವಿಯದು ಮುಗಿದಿತ್ತು. ಬಲಕಿವಿಯದಕ್ಕೆ ಐದು ಎಲೆ ಕೂರಬೇಕಿತ್ತು. ನಾಳೆ ಬೆಳಿಗ್ಗೆ ದೊಡ್ಡತಾಯಮ್ಮ ಬರುತ್ತಾಳೆ. ಮದುವೆಯ ಮಿಕ್ಕ ಒಡವೆಯೂ ಇಲ್ಲೋ ಮೈಸೂರಿನಲ್ಲೋ ಎಂಬುದು ಇದನ್ನು ನೋಡಿದ ಮೇಲೆಯೇ ತೀರ್ಮಾನ ಎಂದಿದ್ದಳು. ನಾಗರಾಜಾಚಾರಿ ಕೂತ. ಊದುಗೊಳವೆಯನ್ನು ಹಲ್ಲಿನ ನಡುವೆ ಇಟ್ಟು, ಇವತ್ತು ಅಪ್ಪಣೆ ಕೊಡುವಾಗ ಡಾಕ್ಟರು ಹೇಳಿದ ಹಾಗೆ ಮೆಲ್ಲಗೆ ಕಚ್ಚಿದ. ಹಿತ್ತಾಳೆಯ ತಣ್ಣನೆಯ ರುಚಿಗೆ ಮೈ ಜುಮ್ಮೆಂದಿತು. ಹದಿಮೂರು ತಿಂಗಳು! ಮೊದಲ ಎಲೆ ಕೂತಿತು, ಎರಡನೆಯದೂ ಕೂತಿತು. ಒಳಗೆ ಪಾತ್ರೆಯ ಸದ್ದು ನಿಂತಿತ್ತು, ಅವಳು ಕಿವಿಗೊಟ್ಟಿದ್ದಾಳೆ ಎಂದು ಗೊತ್ತಾಯಿತು. ಕಿವಿಗೊಟ್ಟಿದ್ದಾಳೆ ಎಂದು ಗೊತ್ತಾದದ್ದೇ ಕೆಟ್ಟಿತು, ತೋರಿಸಿಬಿಡುತ್ತೇನೆ ಎಂಬ ಹುಮ್ಮಸ್ಸಿನಲ್ಲಿ ಉಸಿರು ಹೆಚ್ಚಾಯಿತು. ಇಳಿಸಬೇಕೆಂದು ತಲೆ ಹೇಳಿತು, ಕೆನ್ನೆ ನಡುಗಿತು. ಹಲ್ಲು ಬಂದಿತ್ತು, ಕೆನ್ನೆ ಬಂದಿರಲಿಲ್ಲ. ಮೂರನೆಯ ಎಲೆ ಅಂಚಿನಿಂದ ಮಿನುಗಿ, ಮುದುಡಿ, ಸಾಸಿವೆ ಕಾಳಿನಂಥ ಒಂದು ಉಂಡೆಯಾಗಿ ಕೂತುಬಿಟ್ಟಿತು. ಅವನು ಅದನ್ನು ಅಂಗೈಯಿಂದ ಮುಚ್ಚಿಕೊಂಡ. ಸುಟ್ಟಿತು. ಆದರೂ ಮುಚ್ಚಿಕೊಂಡೇ ಸ್ವಲ್ಪ ಹೊತ್ತು ಕೂತ.

'ಪಾರ್ವತೀ, ಒಸಿ ಬಾ ಇಲ್ಲಿ.'

'ಕೈಯೆಲ್ಲ ಹಿಟ್ಟಾಗಯ್ತೆ.'

'ಎಲೆ ಕರಗೋಯ್ತು ಕಣೇ.'

'ಯಾವ ಎಲೆ?'

'ಮೂರ್ನೇದು.'

'ಅಲ್ಲಿ ಉಸ್ರು ಇಳಿಸ್ಬೇಕಾಗಿತ್ತು' ಎಂದಿತು ಅಡುಗೆಮನೆ.

ಬೇರೆ ದಿನವಾಗಿದ್ದರೆ ರೇಗುತ್ತಿದ್ದ. ಸುಟ್ಟ ಅಂಗೈ ನೋಡಿಕೊಂಡ. ಕೆಲಸ ಕೆಟ್ಟದ್ದಕ್ಕೆ ದುಃಖವಾಗಲಿಲ್ಲ ಎಂಬುದೇ ಅವನಿಗೆ ಆಶ್ಚರ್ಯ. 'ನಾಗಮಂಗಲದಲ್ಲಿ ನಾನು ಅಂಗನ್ನಬಾರ್ದಾಗಿತ್ತು ಕಣೇ. ಅವತ್ತೇ ನಿನ್ನ ಹೆಸ್ರು ಯೋಳ್ಬೇಕಾಗಿತ್ತು' ಎಂದ.

ಪಾರ್ವತಮ್ಮ ಕೈ ಒರೆಸುತ್ತ ಬಂದು ಎದುರಿಗೆ ನಿಂತಳು. ಕೈಯಲ್ಲಿ ಹಿಟ್ಟಿನ ಗುರುತೇ ಇರಲಿಲ್ಲ. 'ಮೂರ್ ತಿಂಗ್ಳು ಬೇಕಾಯ್ತಾ ಇಷ್ಟು ಮಾತಿಗೆ?'

'ಹಲ್ಲಿರ್ಲಿಲ್ವಲ್ಲೇ' ಎಂದ ನಾಗರಾಜಾಚಾರಿ.

ಅವಳು ನಗಬಾರದೆಂದು ಎಷ್ಟೋ ಪ್ರಯತ್ನಪಟ್ಟಳು. ಆಗದೆ ಗೋಡೆ ಹಿಡಿದುಕೊಂಡು ನಕ್ಕಳು. ನಗುತ್ತಲೇ ಮಣೆಯ ಮುಂದೆ ಕೂತು, 'ಸರೀರಿ ಅತ್ಲಾಗೆ. ಒಂದು ಎಲೆ ಹೊಸ್ದಾಗಿ ಕತ್ತರ್ಸಿ ಕೊಡಿ' ಎಂದಳು. ಅವನು ಕತ್ತರಿಸಿ, ಅಂಚು ಅರೆದು, ಬಿಳಿಗಾರ ಸವರಿ ಕೊಟ್ಟ. ಉಂಡೆಯಾಗಿದ್ದನ್ನು ಅವಳು ಬಿಡಿಸಿ ತೆಗೆದಳು. ಕೆಟ್ಟ ಎಲೆಯ ಜಾಗಕ್ಕೆ ಹೊಸದು ಕೂತಿತು, ನಾಲ್ಕನೆಯದು ಕೂತಿತು. ಐದನೆಯದಕ್ಕೆ ಅವಳು ಉಸಿರು ತುಂಬಿಕೊಂಡಿದ್ದಾಗ ಬೀದಿಯಿಂದ, 'ಆಚಾರೀ, ಒಳಗಿದ್ದೀಯೇನ್ಲಾ?' ಎಂಬ ಕೂಗು ಬಂತು. ನಾಳೆ ಬರಬೇಕಾಗಿದ್ದ ದೊಡ್ಡತಾಯಮ್ಮ ಸಂತೆ ಮುಗಿಸಿಕೊಂಡು ಇವತ್ತೇ ಬಂದಿದ್ದಳು.

ಇಷ್ಟು ದಿನ ಯಾರಾದರೂ ಬಂದರೆ ಪಾರ್ವತಮ್ಮ ಊದುಗೊಳವೆ ಅವನ ಕೈಗಿತ್ತು ಒಳಗೆ ಸರಿಯುವುದು ರೂಢಿ. ಈಗಲೂ ಅವಳ ಕಣ್ಣು ಮೇಲಕ್ಕೆದ್ದಿತು. ಅವನು ಕೂತಿರು ಎಂದು ಅವಳ ಹೆಗಲನ್ನು ಒತ್ತಿದ. ಹೋಗಿ ಪರದೆಯನ್ನು ಒಂದು ಪಕ್ಕಕ್ಕೆ ಪೂರ್ತಿ ಎಳೆದ.

'ಬಾ ಅವ್ವಾ.'

'ಏನೋ ಇದು, ಬಾಯಿ ತುಂಬಿಕಂಡಯ್ತೆ! ಎಲ್ಲಿ, ತೆಗಿ ನೋಡಾನ' ಎಂದು ಅವಳು ಅವನ ಗದ್ದ ಹಿಡಿದು ಹಸುವಿನ ಹಲ್ಲು ನೋಡುವ ಹಾಗೆ ನೋಡಿದಳು. 'ಚೆನ್ನಾಗವೆ. ಮೊದ್ಲವು ಒಸಿ ಸೊಟ್ಟಗಿದ್ವು. ಅವೂ ಚೆನ್ನಾಗಿದ್ವು ಬುಡು.' ಆಮೇಲೆ ಕಣ್ಣು ಅವನ ಹೆಗಲಿನಾಚೆ ಹೋಯಿತು. 'ಯಾರ್ಲಾ ಅದು ಊದ್ತಿರೋದು?'

'ನಮ್ಮನೆಯೋಳು. ಹೋದ ಚೈತ್ರದಿಂದ ಅವಳೇಯ. ಈ ಲೋಲಾಕು ಅಚ್ಚು ಕಟ್ಟಿದ್ದು ನಾನು, ಬೆಸ್ದಿದ್ದು ಅವಳು.'

ದೊಡ್ಡತಾಯಮ್ಮ ತನ್ನ ಕೊರಳಿನ ಗುಂಡಿನ ಸರಕ್ಕೆ ಕೈ ಹಾಕಿದಳು. 'ಇದು?'

'ಅದೂ ಅವಳೇ. ಹಲ್ಲು ಕೆಂಡಕ್ಕೆ ಬಿತ್ತಲ್ಲ, ಅವತ್ತು ಸಾಯಂಕಾಲ.'

'ಅಂಗಾರೆ ನಾನು ಸಿಂಧಘಟ್ಟದಲ್ಲಿ ಕಂಡೋರ್ಗೆಲ್ಲ ನಿನ್ನ ಕೈ ಕೆಲ್ಸ ಅಂತ ತೋರ್ಸ್ಕಂಡು ತಿರುಗಿದ್ನಲ್ಲೋ!'

'ತಪ್ಪಾಯ್ತು ಕಣವ್ವಾ' ಎಂದ. ಮದುವೆಯ ಒಡವೆಯೆಲ್ಲ ಮೈಸೂರಿನ ಬಸ್ಸು ಹತ್ತಿ ಹೋಗುವುದು ಕಣ್ಣಿಗೆ ಕಂಡಂತಾಯಿತು. ಕಂಡರೂ ಹೆದರಿಕೆಯಾಗಲಿಲ್ಲ.

ದೊಡ್ಡತಾಯಮ್ಮ ಚಪ್ಪಲಿ ಬಿಟ್ಟು ಒಳಗೆ ಬಂದು ಪಾರ್ವತಮ್ಮನ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತಳು. ಮುಗಿದ ಲೋಲಾಕನ್ನು ಎತ್ತಿ ಅಂಗೈ ಮೇಲಿಟ್ಟುಕೊಂಡು ತುಂಬ ಹೊತ್ತು ನೋಡಿದಳು. ಉರಿ ಸೂಜಿಯ ಹಾಗೆ ನಿಂತಿತ್ತು. ಪಾರ್ವತಮ್ಮ ಕಣ್ಣೆತ್ತಲಿಲ್ಲ, ಕೆನ್ನೆ ಮಾತ್ರ ಸ್ವಲ್ಪ ನಡುಗಿ ಸರಿಹೋಯಿತು. 'ಎಷ್ಟ್ ಹೊತ್ತು ಉಸ್ರು ಹಿಡೀತಾಳಲ್ಲೋ ಇವಳು! ನಮ್ಮ ಸೊಸೇರು ಒಲೆ ಊದು ಅಂದ್ರೆ ಕೆಮ್ತಾವೆ' ಎಂದಳು ಮುದುಕಿ. ಆಮೇಲೆ ತಿರುಗಿ, 'ಮಿಕ್ಕಿದ್ದೂ ಇಲ್ಲೇಯ. ಕತ್ತಿನ ಅಡ್ಡಿಕೆ, ಕೈ ಬಳೆ ಎಲ್ಲ ಇವಳೇ ಬೆಸೀಲಿ, ನೀನ್ ಕೈ ಹಾಕ್ಬ್ಯಾಡ. ಊರಲ್ಲಿ ಇನ್ಮೇಲೆ ಇಬ್ರು ಹೆಸ್ರೂ ಯೋಳ್ಬೇಕಲ್ಲಪ್ಪ, ನಂಗೇ ಉಸ್ರು ಸಾಲ್ದಂಗಾಯ್ತದೆ. ನಿಂತ್ಕಂಡ್ ಏನ್ ನೋಡ್ತೀಯೋ? ಒಂದು ಲೋಟ ಕಾಫಿನಾದ್ರೂ ಕೊಡಲಾ' ಎಂದಳು.

ನಾಗರಾಜಾಚಾರಿ ಅಡುಗೆಮನೆಗೆ ಹೋದ. ಒಲೆ ಹಚ್ಚಿದ, ನೀರಿಟ್ಟ, ಕಾಫಿಪುಡಿ ಮೇಲಿನ ಗೂಡಿನಲ್ಲೇ ಸಿಕ್ಕಿತು. ಒಂದೊಂದೇ ಡಬ್ಬದ ಮುಚ್ಚಳ ತೆಗೆದ: ರಾಗಿಹಿಟ್ಟು, ಕಡಲೆ, ಉಪ್ಪು, ಮತ್ತೆ ರಾಗಿಹಿಟ್ಟು. ಇಪ್ಪತ್ತೇಳು ವರ್ಷ ಉಂಡ ಮನೆಯಲ್ಲಿ ಯಾವುದು ಎಲ್ಲಿದೆ ಎಂದು ತನಗೆ ಗೊತ್ತಿಲ್ಲ. ನೀರು ಕುದಿಯತೊಡಗಿತು. ಬಾಗಿಲಿಗೆ ಬಂದು, 'ಪಾರ್ವತೀ, ಬೆಲ್ಲ ಎಲ್ಲಿಕ್ಕಿದ್ದೀಯೇ?' ಎಂದು ಗಟ್ಟಿಯಾಗಿ, ಇಡೀ ಬಾಯಿ ತೆರೆದು ಕೇಳಿದ. ಕೊನೆಯ ಎಲೆಯ ಕೆಳಗೆ ಬೆಸುಗೆ ಆಗತಾನೇ ಮಿನುಗಿ ಹರಿಯುತ್ತಿತ್ತು. ಊದುಗೊಳವೆ ಕಚ್ಚಿಕೊಂಡಿದ್ದ ಪಾರ್ವತಮ್ಮನಿಗೆ ಮಾತಾಡುವ ಹಾಗಿರಲಿಲ್ಲ. ಉಬ್ಬಿದ ಕೆನ್ನೆಯಲ್ಲಿ ನಗೆಯನ್ನೂ ಗಾಳಿಯನ್ನೂ ಒಟ್ಟಿಗೇ ತಡೆದುಕೊಂಡು, ಉರಿಯಿಂದ ಕಣ್ಣು ಕೀಳದೆ, ಎಡಗಾಲಿನ ಹೆಬ್ಬೆರಳನ್ನು ಎತ್ತಿ ಅಟ್ಟದ ಕಡೆ ತೋರಿಸಿದಳು.